ಸಿರೋಸಿಸ್‌ನಲ್ಲಿ ಪೋರ್ಟಲ್ ಅಭಿಧಮನಿಯ ರಕ್ತಪ್ರವಾಹ

ಪೋರ್ಟಲ್ ಅಭಿಧಮನಿಯು ಜಠರ, ಕರುಳು, ಗುಲ್ಮ ಮತ್ತು ಮೇದೋಜೀರಕ ಗ್ರಂಥಿಗಳಿಂದ ಹೊರಡುವ ರಕ್ತವನ್ನು ಯಕೃತ್ತಿಗೆ ಒಯ್ಯುವ ದೊಡ್ಡ ರಕ್ತನಾಳ. ಸಿರೋಸಿಸ್ ರೋಗದಿಂದ ಯಕೃತ್ತು ಗಟ್ಟಿಯಾದಾಗ ಈ ನಾಳದೊಳಗಿನ ಒತ್ತಡ ಏರುತ್ತದೆ, ರಕ್ತ ಹರಿಯುವ ವೇಗ ಕುಗ್ಗುತ್ತದೆ, ಕೆಲವು ರೋಗಿಗಳಲ್ಲಿ ಹರಿವಿನ ದಿಕ್ಕೇ ತಿರುಗುಮುರುಗಾಗುತ್ತದೆ. ಈ ಸ್ಥಿತಿಗೆ ಪೋರ್ಟಲ್ ಅಧಿಕ ಒತ್ತಡ ಎಂದು ಹೆಸರು. ಅನ್ನನಾಳದ ರಕ್ತಸ್ರಾವ, ಜಲೋದರ, ಗುಲ್ಮದ ಊತ, ಪ್ರಜ್ಞೆಯ ಮಂಕು, ಮೂತ್ರಪಿಂಡಗಳ ವೈಫಲ್ಯ ಮುಂತಾಗಿ ಸಿರೋಸಿಸ್ ರೋಗಿಯ ಪ್ರಾಣಕ್ಕೆ ಎರವಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಹರಿವಿನ ಏರುಪೇರಿನೊಂದಿಗೆ ನಂಟು ಹೊಂದಿವೆ.

ಹೆಸರಿನ ಬಗ್ಗೆ

ಲ್ಯಾಟಿನ್ ಭಾಷೆಯಲ್ಲಿ ‘ಪೋರ್ಟಾ’ ಎಂದರೆ ಬಾಗಿಲು. ಯಕೃತ್ತಿನ ಕೆಳಭಾಗದಲ್ಲಿ ರಕ್ತನಾಳಗಳೂ ಪಿತ್ತನಾಳವೂ ಒಳಹೊರಗೆ ಹಾಯುವ ಸೀಳನ್ನು ಪ್ರಾಚೀನ ಅಂಗರಚನಾಶಾಸ್ತ್ರಜ್ಞರು ಯಕೃತ್ತಿನ ಬಾಗಿಲು ಎಂದು ಕರೆದರು. ಆ ಬಾಗಿಲನ್ನು ಹೊಗುವ ನಾಳಕ್ಕೂ ಅದೇ ಹೆಸರು ನಿಂತಿತು. ಹೀಗಾಗಿ ಇದನ್ನು ದ್ವಾರ ಅಭಿಧಮನಿ ಎಂದೂ ಹೇಳಬಹುದಾದರೂ ವೈದ್ಯರ ಬಾಯಲ್ಲಿಯೂ ಸ್ಕ್ಯಾನಿಂಗ್ ವರದಿಗಳಲ್ಲಿಯೂ ‘ಪೋರ್ಟಲ್ ವೇನ್’ ಎಂಬ ರೂಪವೇ ರೂಢಿಯಲ್ಲಿದೆ. ಯಕೃತ್ತಿಗೆ ಪಿತ್ತಜನಕಾಂಗ ಎಂಬ ಹೆಸರೂ ಉಂಟು. ಆಡುಮಾತಿನಲ್ಲಿ ಇದನ್ನು ಪಿತ್ತಕೋಶ ಎನ್ನುವುದುಂಟು. ಆದರೆ ಪಿತ್ತಕೋಶ ಯಕೃತ್ತಿನ ಅಡಿಯಲ್ಲಿರುವ ಸಣ್ಣ ಚೀಲ, ಬೇರೆಯೇ ಅಂಗ.

ಸಿರೋಸಿಸ್ ಎಂಬ ಪದವನ್ನು ಚಾಲ್ತಿಗೆ ತಂದವನು ಸ್ಟೆತಸ್ಕೋಪಿನ ನಿರ್ಮಾತೃವೂ ಆದ ಫ್ರಾನ್ಸಿನ ವೈದ್ಯ ರೆನೆ ಲೆನೆಕ್. 1819ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿದ. ರೋಗದ ಮುಖ್ಯ ಲಕ್ಷಣ ಬಣ್ಣವಲ್ಲ, ಗಡಸುತನ. ಆದರೂ ಹೆಸರು ಉಳಿದುಕೊಂಡಿದೆ.

ಆರೋಗ್ಯವಂತರಲ್ಲಿ ರಕ್ತದ ಹರಿವು

ದೇಹದ ಬಹುತೇಕ ಅಭಿಧಮನಿಗಳು ಲೋಮನಾಳಗಳಿಂದ ರಕ್ತವನ್ನು ಕೂಡಿಸಿಕೊಂಡು ನೇರವಾಗಿ ಹೃದಯದ ಕಡೆಗೆ ಸಾಗುತ್ತವೆ. ಪೋರ್ಟಲ್ ಅಭಿಧಮನಿ ಹಾಗಲ್ಲ. ಕರುಳಿನ ಲೋಮನಾಳಗಳಿಂದ ಹೊರಟ ರಕ್ತವನ್ನು ಅದು ಯಕೃತ್ತಿನೊಳಗೆ ಮತ್ತೊಮ್ಮೆ ಅತಿ ಸೂಕ್ಷ್ಮ ನಾಳಗಳಾಗಿ ಹಂಚುತ್ತದೆ. ಉಂಡ ಅನ್ನದ ಸಾರವೂ ಅದರೊಡನೆ ಬಂದ ವಿಷಾಂಶಗಳೂ ದೇಹದ ಉಳಿದ ಭಾಗಗಳಿಗೆ ಹೋಗುವ ಮೊದಲು ಯಕೃತ್ತಿನಲ್ಲಿ ತಪಾಸಣೆಗೊಳಗಾಗುವುದು ಈ ಏರ್ಪಾಡಿನಿಂದ.

ಗುಲ್ಮದಿಂದ ಬರುವ ಅಭಿಧಮನಿ ಮತ್ತು ಕರುಳಿನಿಂದ ಬರುವ ಮೇಲಿನ ಮೆಸೆಂಟೆರಿಕ್ ಅಭಿಧಮನಿ ಎರಡೂ ಮೇದೋಜೀರಕ ಗ್ರಂಥಿಯ ಕುತ್ತಿಗೆಯ ಹಿಂದೆ ಕೂಡಿಕೊಂಡಾಗ ಪೋರ್ಟಲ್ ಅಭಿಧಮನಿ ಹುಟ್ಟುತ್ತದೆ. ಇದರ ಉದ್ದ ಸುಮಾರು 8 ಸೆಂಟಿಮೀಟರ್. ಅಗಲ ಸಾಮಾನ್ಯವಾಗಿ 13 ಮಿಲಿಮೀಟರಿನೊಳಗೆ. ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಅಭಿಧಮನಿಯ ಮೂಲಕ, ಉಳಿದದ್ದು ಯಕೃತ್ತಿನ ಅಪಧಮನಿಯ ಮೂಲಕ. ಅಪಧಮನಿಯ ರಕ್ತದಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಆಮ್ಲಜನಕದ ಲೆಕ್ಕದಲ್ಲಿ ಮಾತ್ರ ಇವೆರಡರ ಪಾಲು ಹೆಚ್ಚು ಕಡಿಮೆ ಸಮವಾಗುತ್ತದೆ. ಪೋರ್ಟಲ್ ರಕ್ತ ಕಡಿಮೆಯಾದರೆ ಅಪಧಮನಿ ಹಿಗ್ಗಿ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಊಟದ ನಂತರ ಕರುಳಿನ ರಕ್ತಸಂಚಾರ ಹೆಚ್ಚುವುದರಿಂದ ಪೋರ್ಟಲ್ ಪ್ರವಾಹವೂ ಹೆಚ್ಚುತ್ತದೆ. ಸ್ಕ್ಯಾನಿಂಗಿಗೆ ಬರಿಹೊಟ್ಟೆಯಲ್ಲಿ ಬರಹೇಳುವುದಕ್ಕೆ ಇದೂ ಒಂದು ಕಾರಣ.

ಈ ನಾಳದ ಒತ್ತಡ ಬಹಳ ಕಡಿಮೆ, ಪಾದರಸದ ಮಟ್ಟದಲ್ಲಿ 5ರಿಂದ 10 ಮಿಲಿಮೀಟರ್. ತೋಳಿಗೆ ಪಟ್ಟಿ ಸುತ್ತಿ ಅಳೆಯುವ 120/80 ಎಂಬ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಪೋರ್ಟಲ್ ಒತ್ತಡ ಹೆಚ್ಚಿರುವ ಸಿರೋಸಿಸ್ ರೋಗಿಯ ತೋಳಿನ ರಕ್ತದೊತ್ತಡ ಬಹುಮಟ್ಟಿಗೆ ಸಾಮಾನ್ಯಕ್ಕಿಂತ ಕಡಿಮೆಯೇ ಇರುತ್ತದೆ. ಪೋರ್ಟಲ್ ಅಭಿಧಮನಿಯಲ್ಲಿ ಕವಾಟಗಳಿಲ್ಲದಿರುವುದೂ ಗಮನಾರ್ಹ. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಸರಿಯದಂತೆ ತಡೆಯುವ ಕವಾಟಗಳಿವೆ. ಇಲ್ಲಿ ಅವಿಲ್ಲವಾದ್ದರಿಂದ ಒತ್ತಡ ಯಾವ ಕಡೆ ಕಡಿಮೆಯೋ ಆ ಕಡೆಗೆ ರಕ್ತ ಹರಿಯಬಲ್ಲದು.

ಸಿರೋಸಿಸ್‌ನಲ್ಲಿ ಆಗುವ ಬದಲಾವಣೆ

ನಾಳವೊಂದರ ಒತ್ತಡವನ್ನು ನಿರ್ಧರಿಸುವುದು ಎರಡು ಸಂಗತಿಗಳು: ಹರಿದು ಬರುವ ರಕ್ತದ ಪ್ರಮಾಣ ಮತ್ತು ಹರಿವಿಗೆ ಎದುರಾಗುವ ತಡೆ. ಸಿರೋಸಿಸ್‌ನಲ್ಲಿ ಮೊದಲು ಹೆಚ್ಚುವುದು ತಡೆ.

ಯಕೃತ್ತಿನ ಕೋಶಗಳ ಸಾಲುಗಳ ನಡುವೆ ರಕ್ತ ಹರಿಯುವ ಸೂಕ್ಷ್ಮ ನಾಳಗಳಿಗೆ ಸೈನುಸಾಯ್ಡ್‌ಗಳೆಂದು ಹೆಸರು. ಇವುಗಳ ಗೋಡೆ ಜರಡಿಯಂತೆ ತೂತುತೂತಾಗಿರುತ್ತದೆ. ಗೋಡೆಯ ಹೊರಗೆ ನಕ್ಷತ್ರಾಕಾರದ ಕೋಶಗಳು ಎ ಜೀವಸತ್ವವನ್ನು ಶೇಖರಿಸಿಟ್ಟುಕೊಂಡು ಸುಮ್ಮನಿರುತ್ತವೆ. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಶೇಖರಣೆ, ಇವುಗಳಲ್ಲಿ ಯಾವುದೇ ಕಾರಣದಿಂದ ಯಕೃತ್ತಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದರೆ ಆ ನಕ್ಷತ್ರಕೋಶಗಳು ಕೆರಳಿ ನಾರಿನ ಅಂಶವನ್ನು ಸ್ರವಿಸತೊಡಗುತ್ತವೆ, ತಾವೂ ಸ್ನಾಯುವಿನಂತೆ ಸಂಕುಚಿಸುತ್ತವೆ. ಜರಡಿಯ ತೂತುಗಳು ಮುಚ್ಚಿಕೊಳ್ಳುತ್ತವೆ. ನಾರಿನ ಪಟ್ಟಿಗಳು ಯಕೃತ್ತನ್ನು ಗಂಟುಗಂಟಾಗಿ ಸೀಳುತ್ತವೆ, ಗಂಟುಗಳು ಸುತ್ತಲಿನ ನಾಳಗಳನ್ನು ಅದುಮುತ್ತವೆ.

ತಡೆಯೆಲ್ಲವೂ ಹೀಗೆ ಶಾಶ್ವತವಾದದ್ದಲ್ಲ. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ರೋಗಗ್ರಸ್ತ ಯಕೃತ್ತಿನಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಬಿಗಿಗೊಳಿಸುವ ಎಂಡೋಥೀಲಿನ್ ಮುಂತಾದವು ಹೆಚ್ಚಾಗುತ್ತವೆ. ಒಟ್ಟು ತಡೆಯಲ್ಲಿ ಕಾಲು ಭಾಗದಷ್ಟು ಈ ಬಿಗಿತದಿಂದಲೇ ಉಂಟಾದದ್ದೆಂದು ಅಂದಾಜು. ಔಷಧಗಳು ಕೆಲಸಮಾಡಲು ಅವಕಾಶವಿರುವುದು ಈ ಭಾಗದಲ್ಲಿ.

ಮುಂದಿನ ಬೆಳವಣಿಗೆ ಮೇಲ್ನೋಟಕ್ಕೆ ವಿಚಿತ್ರವಾದುದು. ಕೆರೆ ತುಂಬಿದಾಗ ಕೋಡಿ ಹರಿಯುವಂತೆ, ಪೋರ್ಟಲ್ ಒತ್ತಡ ಏರಿದಾಗ ರಕ್ತವು ಯಕೃತ್ತನ್ನು ಬಳಸಿಕೊಂಡು ಹೋಗುವ ಅಡ್ಡದಾರಿಗಳನ್ನು ತೆರೆದುಕೊಳ್ಳುತ್ತದೆ. ಕೋಡಿ ಹರಿದ ಮೇಲೆ ಕೆರೆಯ ಮಟ್ಟ ಇಳಿಯಬೇಕು, ಇಲ್ಲಿ ಇಳಿಯುವುದಿಲ್ಲ. ಏಕೆಂದರೆ ಯಕೃತ್ತಿನೊಳಗೆ ಕೊರತೆಯಾಗಿರುವ ಅದೇ ನೈಟ್ರಿಕ್ ಆಕ್ಸೈಡ್ ಕರುಳಿನ ಅಪಧಮನಿಗಳಲ್ಲಿ ಅತಿಯಾಗಿ ಉತ್ಪತ್ತಿಯಾಗುತ್ತದೆ. ಅವು ಹಿಗ್ಗಿ ಮೊದಲಿಗಿಂತ ಹೆಚ್ಚು ರಕ್ತವನ್ನು ಪೋರ್ಟಲ್ ವ್ಯವಸ್ಥೆಗೆ ಸುರಿಯುತ್ತವೆ. ಕೆಳಗೆ ಕೋಡಿ ಹರಿಯುತ್ತಿದ್ದರೂ ಮೇಲಿನಿಂದ ಒಳಹರಿವು ಹೆಚ್ಚುತ್ತಲೇ ಇರುವುದರಿಂದ ಒತ್ತಡ ಏರಿದ ಮಟ್ಟದಲ್ಲೇ ನಿಲ್ಲುತ್ತದೆ. ಸಿರೋಸಿಸ್ ರೋಗಿಗಳ ಹೃದಯ ಸಾಮಾನ್ಯಕ್ಕಿಂತ ಹೆಚ್ಚು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು ಕೋವಾಲ್ಸ್ಕಿ ಮತ್ತು ಏಬಲ್ಮನ್ ಎಂಬ ವೈದ್ಯರು 1953ರಲ್ಲೇ ತೋರಿಸಿದ್ದರು.

ಒಟ್ಟಿನಲ್ಲಿ ಕರುಳಿನಿಂದ ಹೊರಡುವ ರಕ್ತ ಹೆಚ್ಚು, ಯಕೃತ್ತನ್ನು ನಿಜವಾಗಿ ತಲುಪುವ ರಕ್ತ ಕಡಿಮೆ. ಪೋರ್ಟಲ್ ಪ್ರವಾಹ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬ ಪ್ರಶ್ನೆಗೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಉತ್ತರ ಕಂಡು ವಿದ್ಯಾರ್ಥಿಗಳು ಗೊಂದಲಗೊಳ್ಳುವುದು ಈ ಭೇದವನ್ನು ಗಮನಿಸದಿದ್ದಾಗ.

ಅಡ್ಡದಾರಿಗಳು

ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಜಠರದ ಎಡ ಅಭಿಧಮನಿಯಿಂದ ಅನ್ನನಾಳದ ಕೆಳತುದಿಯ ಮೂಲಕ ಅಜೈಗಸ್ ಅಭಿಧಮನಿಗೆ ಸೇರುವ ದಾರಿ. ಅನ್ನನಾಳದ ಒಳಪೊರೆಯ ಕೆಳಗಿರುವ ತೆಳುಗೋಡೆಯ ನಾಳಗಳು ಇಲ್ಲಿ ಉಬ್ಬಿ ಹುರಿಗಟ್ಟುತ್ತವೆ. ಇವನ್ನು ವೇರಿಸಸ್ ಎನ್ನುತ್ತಾರೆ. ಗುಲ್ಮದ ಅಭಿಧಮನಿಯಿಂದ ಎಡ ಮೂತ್ರಪಿಂಡದ ಅಭಿಧಮನಿಗೆ ಹೋಗುವ ದಾರಿಯೊಂದಿದೆ, ಗುದನಾಳದ ಸುತ್ತ ಇನ್ನೊಂದಿದೆ.

ಹೊಕ್ಕುಳಿನ ದಾರಿ ಕಣ್ಣಿಗೆ ಕಾಣುವಂಥದು. ಹೊಕ್ಕುಳಿನತ್ತ ಸಾಗುವ ಸಣ್ಣ ಅಭಿಧಮನಿಗಳು ಹಿಗ್ಗಿದಾಗ ಹೊಟ್ಟೆಯ ಚರ್ಮದ ಮೇಲೆ ಹೊಕ್ಕುಳಿನಿಂದ ಸುತ್ತಲೂ ಹರಡಿದ ನೀಲಿ ನಾಳಗಳು ಎದ್ದು ತೋರುತ್ತವೆ. ತಲೆಗೂದಲಿನ ಬದಲು ಹಾವುಗಳಿದ್ದ ಗ್ರೀಕ್ ಪುರಾಣದ ಮೆಡೂಸಾಳ ನೆನಪಿನಿಂದ ಇದಕ್ಕೆ ‘ಮೆಡೂಸಾಳ ತಲೆ’ ಎಂಬ ಹೆಸರು ಬಂದಿದೆ. ಪುಸ್ತಕಗಳಲ್ಲಿ ಇದರ ಚಿತ್ರ ತಪ್ಪದೆ ಇರುತ್ತದಾದರೂ ವಾರ್ಡಿನಲ್ಲಿ ಇಂಥ ಪೂರ್ಣ ರೂಪ ಕಾಣಸಿಗುವುದು ಅಪರೂಪ.

ಅಳತೆ ಮತ್ತು ಪರೀಕ್ಷೆ

ಪೋರ್ಟಲ್ ಅಭಿಧಮನಿಗೆ ನೇರವಾಗಿ ಸೂಜಿ ಹಾಕಿ ಒತ್ತಡ ಅಳೆಯುವುದು ಅಪಾಯಕರ. ಆದ್ದರಿಂದ ಕುತ್ತಿಗೆಯ ಅಭಿಧಮನಿಯ ಮೂಲಕ ಸಪೂರ ಕೊಳವೆಯೊಂದನ್ನು ಯಕೃತ್ತಿನಿಂದ ಹೊರಬರುವ ಅಭಿಧಮನಿಗೆ ಇಳಿಸಿ, ಅದರ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ನಾಳವನ್ನು ಅರೆಕ್ಷಣ ಮುಚ್ಚಿ ಒತ್ತಡ ನೋಡುತ್ತಾರೆ. ಬಲೂನು ಇಳಿಸಿ ಮತ್ತೊಮ್ಮೆ ನೋಡುತ್ತಾರೆ. ಎರಡರ ವ್ಯತ್ಯಾಸವೇ ಪೋರ್ಟಲ್ ಒತ್ತಡದ ಅಂತರ. ಇದು 5 ಮಿಲಿಮೀಟರಿನವರೆಗೆ ಇದ್ದರೆ ಸಹಜ. 10 ದಾಟಿದರೆ ವೇರಿಸಸ್, ಜಲೋದರಗಳು ತಲೆದೋರುವ ಸಂಭವ. 12 ದಾಟಿದರೆ ರಕ್ತಸ್ರಾವದ ಅಪಾಯ. ಈ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯ.

ಸಾಮಾನ್ಯವಾಗಿ ರೋಗಿಗೆ ಮೊದಲು ಆಗುವುದು ಡಾಪ್ಲರ್ ಅಲ್ಟ್ರಾಸೌಂಡ್. ಚಲಿಸುವ ರಕ್ತಕಣಗಳಿಂದ ಮರಳುವ ಶಬ್ದತರಂಗದ ವ್ಯತ್ಯಾಸದಿಂದ ಹರಿವಿನ ವೇಗವನ್ನೂ ದಿಕ್ಕನ್ನೂ ಇದು ತಿಳಿಸುತ್ತದೆ. ಸಿರೋಸಿಸ್‌ನಲ್ಲಿ ಪೋರ್ಟಲ್ ಅಭಿಧಮನಿ 13 ಮಿಲಿಮೀಟರಿಗಿಂತ ಅಗಲವಾಗಬಹುದು, ವೇಗ ಸೆಕೆಂಡಿಗೆ 15 ಸೆಂಟಿಮೀಟರಿಗಿಂತ ಕೆಳಗಿಳಿಯಬಹುದು, ಉಸಿರಾಟದೊಂದಿಗೆ ಏರಿಳಿಯುವ ಸಹಜ ಲಯ ಮಾಯವಾಗಬಹುದು. ರೋಗ ಇನ್ನೂ ಮುಂದುವರಿದರೆ ರಕ್ತ ಹಿಂದೆ ಮುಂದೆ ತೊಯ್ದಾಡುತ್ತದೆ, ಕೊನೆಗೆ ಯಕೃತ್ತಿನಿಂದ ಹೊರಮುಖವಾಗಿ ಹರಿಯುತ್ತದೆ. ವರದಿಯಲ್ಲಿ ‘ಹೆಪಟೋಪೆಟಲ್’ ಎಂದಿದ್ದರೆ ಯಕೃತ್ತಿನ ಕಡೆಗೆ, ‘ಹೆಪಟೋಫ್ಯೂಗಲ್’ ಎಂದಿದ್ದರೆ ಯಕೃತ್ತಿನಿಂದ ದೂರಕ್ಕೆ ಎಂದರ್ಥ. ಮೊದಲನೆಯದೇ ಸಹಜ ದಿಕ್ಕು.

ಆದರೆ ಡಾಪ್ಲರ್ ವರದಿಯಲ್ಲಿ ವೇಗ ಸಹಜವಾಗಿದೆ ಎಂದ ಮಾತ್ರಕ್ಕೆ ಒತ್ತಡವಿಲ್ಲವೆಂದು ತಿಳಿಯಲಾಗದು. ಹೊಕ್ಕುಳಿನ ಅಡ್ಡದಾರಿ ದೊಡ್ಡದಾಗಿ ತೆರೆದುಕೊಂಡಿದ್ದರೆ ಮುಖ್ಯ ನಾಳದಲ್ಲಿ ರಕ್ತ ಬಿರುಸಾಗಿಯೇ ಯಕೃತ್ತಿನತ್ತ ಹರಿಯುತ್ತದೆ, ಆದರೆ ಅದರಲ್ಲಿ ಬಹುಪಾಲು ಎಡ ಕವಲಿನಿಂದ ಹೊಕ್ಕುಳಿನ ಕಡೆಗೆ ಹೊರಟುಹೋಗಿರುತ್ತದೆ. ಆದ್ದರಿಂದ ವೈದ್ಯರು ಗುಲ್ಮದ ಗಾತ್ರ, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡುತ್ತಾರೆ. ಇಟಲಿಯ ಬವೇನೊ ಊರಿನ ಹೆಸರಿನಲ್ಲಿ 1990ರಿಂದ ನಡೆದುಬಂದಿರುವ ತಜ್ಞರ ಸಮಾವೇಶಗಳ ಸೂಚನೆಯಂತೆ, ಗಡಸುತನ 20 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇದ್ದು ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ವೇರಿಸಸ್ ಹುಡುಕಲು ಎಂಡೋಸ್ಕೋಪಿ ಕೂಡಲೇ ಬೇಕಾಗುವುದಿಲ್ಲ.

ತೊಡಕುಗಳು

ರಕ್ತವಾಂತಿ ಇವುಗಳಲ್ಲಿ ಅತ್ಯಂತ ಭೀಕರವಾದುದು. ನಾಳದ ಒಳಒತ್ತಡ ಮತ್ತು ಅಗಲ ಹೆಚ್ಚಿದಷ್ಟೂ, ಗೋಡೆ ತೆಳುವಾದಷ್ಟೂ ಒಡೆಯುವ ಸಂಭವ ಹೆಚ್ಚು. ಮುನ್ಸೂಚನೆಯಾಗಿ ನೋವೇನೂ ಇರುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುವುದು ಕೂಡ ಒಳಗಿನ ರಕ್ತಸ್ರಾವದ ಗುರುತು. ಇದನ್ನು ಕಡೆಗಣಿಸಿ ಬೆಳಗಾಗಲೆಂದು ಕಾಯುವುದು ಪ್ರಾಣಾಪಾಯಕ್ಕೆ ದಾರಿ. ಚಿಕಿತ್ಸೆ ಎಷ್ಟೇ ಸುಧಾರಿಸಿದ್ದರೂ ಹೀಗೆ ರಕ್ತಸ್ರಾವವಾದವರಲ್ಲಿ ನೂರಕ್ಕೆ 15ರಿಂದ 20 ಮಂದಿ ಆರು ವಾರಗಳೊಳಗೆ ಸಾಯುತ್ತಾರೆ.

ಜಲೋದರವೆಂದರೆ ಹೊಟ್ಟೆಯಲ್ಲಿ ನೀರು ತುಂಬುವುದು. ಚರಕಸಂಹಿತೆಯು ಎಂಟು ಬಗೆಯ ಉದರ ರೋಗಗಳನ್ನು ವಿವರಿಸುವಾಗ ಗುಲ್ಮದ ವೃದ್ಧಿಯಿಂದಾಗುವ ಪ್ಲೀಹೋದರವನ್ನೂ ನೀರು ತುಂಬುವ ಉದಕೋದರವನ್ನೂ ಹೆಸರಿಸುತ್ತದೆ. ಲಕ್ಷಣಗಳು ಅಷ್ಟು ಹಿಂದೆಯೇ ಗಮನಕ್ಕೆ ಬಂದಿದ್ದವು. ಸೈನುಸಾಯ್ಡ್‌ಗಳ ಒತ್ತಡದಿಂದ ದ್ರವ ಹೊರಸೂಸುವುದು ಕಾರಣದ ಒಂದು ಪಾಲು ಮಾತ್ರ. ಕರುಳಿನ ಅಪಧಮನಿಗಳು ಹಿಗ್ಗಿದಾಗ ಮೂತ್ರಪಿಂಡಗಳಿಗೆ ರಕ್ತ ಸಾಲದೆಂಬ ಸಂದೇಶ ಹೋಗುತ್ತದೆ. ದೇಹದಲ್ಲಿ ನೀರು ಬೇಕಾದಷ್ಟಿದ್ದರೂ ಅವು ಉಪ್ಪು ನೀರುಗಳನ್ನು ಹಿಡಿದಿಡುತ್ತವೆ. ಹೀಗಾಗಿ ಚಿಕಿತ್ಸೆಯ ಮೊದಲ ಹೆಜ್ಜೆ ದಿನದ ಉಪ್ಪನ್ನು 5 ಗ್ರಾಮಿನ, ಅಂದರೆ ಒಂದು ಚಹಾ ಚಮಚದ, ಆಸುಪಾಸಿಗೆ ಇಳಿಸುವುದು. ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಡಿಸಿದರೆ ಪಥ್ಯ ಮಾಡಿದಂತಾಗುವುದಿಲ್ಲ. ನಿಂತ ನೀರಿಗೆ ಸೋಂಕು ತಗಲಬಹುದು. ಜ್ವರ ಅಥವಾ ಹೊಟ್ಟೆನೋವು ಬಂದರೆ ಸೂಜಿಯಿಂದ ನೀರು ತೆಗೆದು ಪರೀಕ್ಷಿಸುವುದು ಆ ಕಾರಣಕ್ಕೆ. ಮೂತ್ರಪಿಂಡದ ರಕ್ತನಾಳಗಳು ತೀರ ಬಿಗಿದುಕೊಂಡರೆ ಅವುಗಳ ಕೆಲಸವೇ ನಿಲ್ಲುತ್ತದೆ.

ಪ್ರಜ್ಞೆ ಮಂಕಾಗುವ ತೊಡಕಿಗೆ ಹೆಪಾಟಿಕ್ ಎನ್‌ಸೆಫಲೋಪತಿ ಎಂದು ಹೆಸರು. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಯಕೃತ್ತಿನಲ್ಲಿ ನಿರ್ವಿಷಗೊಳ್ಳದೆ ಅಡ್ಡದಾರಿಗಳಿಂದ ನೇರ ಮಿದುಳಿಗೆ ತಲುಪುವುದು ಇದರ ಮುಖ್ಯ ಕಾರಣ. ಇದರ ಸುಳಿವು ಸಿಕ್ಕಿದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದ. 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್ ಎಂಬಾತ ಪೋರ್ಟಲ್ ಅಭಿಧಮನಿಯನ್ನು ಮಹಾ ಅಭಿಧಮನಿಗೆ ಜೋಡಿಸಿದ. ಅಂಥ ನಾಯಿಗಳಿಗೆ ಮಾಂಸ ತಿನ್ನಿಸಿದಾಗ ಅವು ತತ್ತರಿಸಿ ಮತಿಗೆಡುವುದನ್ನು 1893ರಲ್ಲಿ ಇವಾನ್ ಪಾವ್ಲೋವ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ರೋಗಿ ಹಗಲು ನಿದ್ರಿಸಿ ರಾತ್ರಿ ಎಚ್ಚರವಾಗಿರುವುದು, ಚಾಚಿದ ಕೈಗಳು ರೆಕ್ಕೆ ಬಡಿದಂತೆ ಅದುರುವುದು, ಸಹಿಯ ಅಕ್ಷರ ಕೆಡುವುದು ಇದರ ಆರಂಭದ ಗುರುತುಗಳು. ಮನೆಯವರು ಇದನ್ನು ಮದ್ಯದ ಅಮಲೆಂದೋ ಮುಂಗೋಪವೆಂದೋ ತಪ್ಪು ತಿಳಿಯುವುದುಂಟು. ಮಲಬದ್ಧತೆ, ಸೋಂಕು, ರಕ್ತಸ್ರಾವ, ನಿದ್ರೆಮಾತ್ರೆಗಳು ಇದನ್ನು ಕೆರಳಿಸುತ್ತವೆ. ಲ್ಯಾಕ್ಟುಲೋಸ್ ದ್ರಾವಣವನ್ನು ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆಯಾಗುವಷ್ಟು ಕೊಡುವುದು ರೂಢಿ. ಪಾವ್ಲೋವನ ನಾಯಿಗಳ ಪ್ರಭಾವದಿಂದ ಬಹುಕಾಲ ರೋಗಿಗಳಿಗೆ ಬೇಳೆ, ಹಾಲು, ಮೊಟ್ಟೆಗಳನ್ನು ನಿಷೇಧಿಸಲಾಗುತ್ತಿತ್ತು. ಈಗಿನ ವೈದ್ಯಶಾಸ್ತ್ರ ಇದನ್ನು ಕೈಬಿಟ್ಟಿದೆ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.5 ಗ್ರಾಮ್ ಪ್ರೋಟೀನ್ ಬೇಕು. ಬರಿ ಗಂಜಿಯ ಪಥ್ಯದಿಂದ ಮಾಂಸಖಂಡ ಕರಗಿ ರೋಗಿ ಇನ್ನಷ್ಟು ಬಳಲುತ್ತಾನೆ.

ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ನಿಧಾನಗತಿಯ ನೇರ ಫಲ. ಸಿರೋಸಿಸ್ ರೋಗಿಯ ರಕ್ತ ಹೆಪ್ಪುಗಟ್ಟುವುದೇ ಇಲ್ಲವೆಂಬ ಹಳೆಯ ನಂಬಿಕೆ ಪೂರ್ತಿ ಸರಿಯಲ್ಲ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಡುವುದು ಇನ್ನೊಂದು ತೊಡಕು.

ಚಿಕಿತ್ಸೆ

1980ರಲ್ಲಿ ಪ್ಯಾರಿಸ್ಸಿನ ಡಿಡಿಯೆ ಲೆಬ್ರೆಕ್ ಮತ್ತು ಸಂಗಡಿಗರು ಪ್ರೊಪ್ರನಲಾಲ್ ಮಾತ್ರೆ ಪೋರ್ಟಲ್ ಒತ್ತಡವನ್ನು ಇಳಿಸುವುದೆಂದು ವರದಿ ಮಾಡಿದರು. ಈ ಮಾತ್ರೆ ಹೃದಯದ ವೇಗವನ್ನು ತಗ್ಗಿಸಿ ಕರುಳಿನ ಅಪಧಮನಿಗಳನ್ನು ಬಿಗಿಗೊಳಿಸುತ್ತದೆ, ಅಂದರೆ ಕೆರೆಯ ಒಳಹರಿವನ್ನೇ ಕಡಿಮೆ ಮಾಡುತ್ತದೆ. ಈಚೆಗೆ ಕಾರ್ವೆಡಿಲಾಲ್ ಇದರ ಸ್ಥಾನಕ್ಕೆ ಬರುತ್ತಿದೆ. ಎರಡೂ ರಕ್ತದೊತ್ತಡದ ಮಾತ್ರೆಗಳೆಂದೇ ಪರಿಚಿತವಾಗಿರುವುದರಿಂದ ತನಗೆ ಬಿಪಿ ಇಲ್ಲವಲ್ಲ ಎಂದುಕೊಂಡು ರೋಗಿ ತಾನಾಗಿ ಅವನ್ನು ನಿಲ್ಲಿಸಿದರೆ ರಕ್ತಸ್ರಾವದ ಅಪಾಯ ಮರಳುತ್ತದೆ. ಆದರೆ ತೋಳಿನ ರಕ್ತದೊತ್ತಡ ತೀರ ಇಳಿದಾಗ ವೈದ್ಯರೇ ಇವನ್ನು ನಿಲ್ಲಿಸುವುದೂ ಉಂಟು.

ದೊಡ್ಡ ವೇರಿಸಸ್‌ಗಳನ್ನು ಎಂಡೋಸ್ಕೋಪಿನ ಮೂಲಕ ರಬ್ಬರ್ ಬಳೆ ತೊಡಿಸಿ ಬಿಗಿಯುತ್ತಾರೆ. ರಕ್ತಸ್ರಾವ ನಡೆಯುತ್ತಿರುವಾಗ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಚುಚ್ಚುಮದ್ದು, ಪ್ರತಿಜೈವಿಕ ಔಷಧ, ಆಮೇಲೆ ಬಳೆ ಬಿಗಿತ, ಇದು ಕ್ರಮ. ರಕ್ತ ಹೋಗಿದೆಯೆಂದು ಬಾಟಲಿಗಟ್ಟಲೆ ರಕ್ತ ಕೊಡುವುದು ಸರಿಯಲ್ಲ. ಹಿಮೋಗ್ಲೋಬಿನ್ ಅನ್ನು 7ರಿಂದ 8 ಗ್ರಾಮಿನ ಮಟ್ಟದಲ್ಲಿ ಉಳಿಸಿಕೊಂಡರೆ ಸಾಕು. ಅದಕ್ಕಿಂತ ಹೆಚ್ಚು ತುಂಬಿಸಿದರೆ ಪೋರ್ಟಲ್ ಒತ್ತಡ ಏರಿ ನಾಳ ಮತ್ತೆ ಒಡೆಯಬಹುದು.

ಇಷ್ಟರಿಂದಲೂ ನಿಲ್ಲದಿದ್ದರೆ ಯಕೃತ್ತಿನೊಳಗೇ ಪೋರ್ಟಲ್ ಕವಲನ್ನೂ ಯಕೃತ್ತಿನ ಅಭಿಧಮನಿಯನ್ನೂ ಲೋಹದ ಸ್ಟೆಂಟ್‌ನಿಂದ ಕೂಡಿಸುತ್ತಾರೆ. ‘ಟಿಪ್ಸ್’ ಎಂದು ಕರೆಯಲಾಗುವ ಈ ವಿಧಾನವನ್ನು 1969ರಲ್ಲಿ ಯೋಸೆಫ್ ರೋಶ್ ಪ್ರಾಣಿಗಳಲ್ಲಿ ರೂಪಿಸಿದ; ಲೋಹದ ಸ್ಟೆಂಟ್ ಬಳಸಿ ಮನುಷ್ಯರಲ್ಲಿ ಮೊದಲು ಮಾಡಿದ್ದು 1988ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ. ಒತ್ತಡ ಕೂಡಲೇ ಇಳಿಯುತ್ತದೆ, ಆದರೆ ಎಕ್‌ನ ನಾಯಿಗಳಿಗಾದಂತೆ ಪ್ರಜ್ಞೆ ಮಂಕಾಗುವ ಸಾಧ್ಯತೆ ಹೆಚ್ಚುತ್ತದೆ.

ಭಾರತದ ಸಂದರ್ಭ

ಪೋರ್ಟಲ್ ಒತ್ತಡವೆಲ್ಲವೂ ಸಿರೋಸಿಸ್‌ನಿಂದಲೇ ಬರುವುದಿಲ್ಲ. ಭಾರತದಲ್ಲಿ ಮಕ್ಕಳು ರಕ್ತವಾಂತಿ ಮಾಡಿಕೊಂಡಾಗ ಮುಖ್ಯ ಕಾರಣ ಯಕೃತ್ತಿನ ಹೊರಗೇ ಪೋರ್ಟಲ್ ಅಭಿಧಮನಿ ಮುಚ್ಚಿಹೋಗಿರುವುದು. ಅಂಥ ಮಕ್ಕಳ ಯಕೃತ್ತು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುವುದರಿಂದ ಸಕಾಲದ ಚಿಕಿತ್ಸೆಯಿಂದ ಅವರು ಬೆಳೆದು ದೊಡ್ಡವರಾಗುತ್ತಾರೆ. ಹಿಂದೆ ‘ಭಾರತೀಯ ಬಾಲ್ಯ ಸಿರೋಸಿಸ್’ ಎಂಬ ಮಾರಕ ರೋಗವೂ ಇತ್ತು. ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನಿಂದ ಶಿಶುಗಳ ಯಕೃತ್ತಿನಲ್ಲಿ ತಾಮ್ರ ಶೇಖರವಾಗುವುದಕ್ಕೂ ಇದಕ್ಕೂ ಇದ್ದ ಸಂಬಂಧ 1980ರ ದಶಕದಲ್ಲಿ ಬೆಳಕಿಗೆ ಬಂತು. ಅಡುಗೆಮನೆಗೆ ಸ್ಟೀಲ್ ಪಾತ್ರೆಗಳು ಬಂದಂತೆ ಈ ರೋಗ ಬಹುತೇಕ ಕಣ್ಮರೆಯಾಯಿತು. ಜಠರದ ವೇರಿಸಸ್‌ಗಳನ್ನು ವರ್ಗೀಕರಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪದ್ಧತಿ ದೆಹಲಿಯ ತಜ್ಞ ಶಿವಕುಮಾರ್ ಸರಿನ್ ಅವರದು.

ಹಿಮ್ಮುಖ ಬದಲಾವಣೆ ಮತ್ತು ಕಸಿ

ಒಮ್ಮೆ ಗಟ್ಟಿಯಾದ ಯಕೃತ್ತು ಮತ್ತೆ ಮೆದುವಾಗದೆಂಬ ಅಭಿಪ್ರಾಯ ಈಗ ಬದಲಾಗಿದೆ. ಮದ್ಯವನ್ನು ಸಂಪೂರ್ಣ ಬಿಟ್ಟವರಲ್ಲಿ, ಹೆಪಟೈಟಿಸ್ ಬಿ ವೈರಸ್ಸನ್ನು ಔಷಧದಿಂದ ಅಡಗಿಸಿದವರಲ್ಲಿ, ಹೆಪಟೈಟಿಸ್ ಸಿಯಿಂದ ಗುಣಮುಖರಾದವರಲ್ಲಿ ಪೋರ್ಟಲ್ ಒತ್ತಡ ಇಳಿಯುವುದನ್ನು ಅಳತೆಗಳು ತೋರಿಸಿವೆ. ತೊಡಕುಗಳು ಕಾಣಿಸಿಕೊಳ್ಳುವ ಮೊದಲೇ ಕಾರಣವನ್ನು ನಿವಾರಿಸಿದವರಿಗೆ ಇದರ ಲಾಭ ಹೆಚ್ಚು. ಜಲೋದರ, ರಕ್ತಸ್ರಾವ ಅಥವಾ ಪ್ರಜ್ಞೆಯ ಮಂಕು ಮರುಕಳಿಸುತ್ತಿದ್ದರೆ ಯಕೃತ್ತಿನ ಕಸಿಯ ವಿಚಾರ ಬರುತ್ತದೆ. ಮನುಷ್ಯರಲ್ಲಿ ಇದನ್ನು ಮೊದಲು ಪ್ರಯತ್ನಿಸಿದವನು ಅಮೆರಿಕದ ಥಾಮಸ್ ಸ್ಟಾರ್ಜ್ಲ್, 1963ರಲ್ಲಿ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಅಡಿಯಲ್ಲಿ ಕಸಿ ನಡೆಯುತ್ತದೆ. ಹತ್ತಿರದ ಬಂಧುವೊಬ್ಬರು ತಮ್ಮ ಯಕೃತ್ತಿನ ಒಂದು ಭಾಗವನ್ನು ನೀಡಬಹುದು, ಇಲ್ಲವೆ ಮಿದುಳು ನಿಷ್ಕ್ರಿಯಗೊಂಡ ದಾನಿಯ ಅಂಗ ದೊರೆಯಬಹುದು. ಕರ್ನಾಟಕದಲ್ಲಿ ಅಂಥ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಹೊಸ ಯಕೃತ್ತನ್ನು ಜೋಡಿಸುವಾಗ ಶಸ್ತ್ರವೈದ್ಯರು ರೋಗಿಯ ಪೋರ್ಟಲ್ ಅಭಿಧಮನಿಯನ್ನು ಅದಕ್ಕೆ ಹೊಲಿಯುತ್ತಾರೆ. ಆದ್ದರಿಂದ ಆ ನಾಳದಲ್ಲಿ ಹೆಪ್ಪು ಇದೆಯೇ, ಹರಿವು ಎಷ್ಟಿದೆ ಎಂಬುದನ್ನು ಶಸ್ತ್ರಕ್ರಿಯೆಗೆ ಮುಂಚೆಯೂ ನಂತರದ ದಿನಗಳಲ್ಲಿಯೂ ಡಾಪ್ಲರ್‌ನಿಂದ ಮತ್ತೆ ಮತ್ತೆ ನೋಡಲಾಗುತ್ತದೆ.